ಒದ್ದೆ ಲಡಿಯ ಕೋಲು

ಗೋವಿಂದಯ್ಯ ಹಿರೀಕರ ಕೋಲನ್ನು ಮುರಿದದ್ದು ಹಿತ್ತಲಿಗೆ ಹೋಗುವ ಅವಸರದಲ್ಲಿ.

ಆಗ ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ರುದ್ರಾಣಿ ಬೇಯಿಸಿದ ರೇಷ್ಮೆ ನೂಲಿನ ಲಡಿಗಳನ್ನು ಜಾಲಿಸಲು ಬಾವಿಯ ಬಳಿಗೆ ಹೋಗಿದ್ದಳು. ತಾಯಿ ಚಾಮುಂಡಮ್ಮ ಬೀದಿಯ ಕೊನೆಯ ಮನೆಗೆ ಲಡಿ ಬೇಯಿಸುವ ಸೋಡ ಕೇಳಲು ಹೋದವಳು ಅಲ್ಲೇ ಮಾತಿಗೆ ನಿಂತಿದ್ದಳು. ಶ್ರಾವಣದಲ್ಲಿ ರೇಷ್ಮೆಗೂಡಿನ ಲಾರಿಯಿಂದ ಇಳಿಯುವಾಗ ಜಾರಿ ಬಿದ್ದು ಮುರಿದ ಎಡಗಾಲಿಗೆ ಬಿದಿರು ದಬ್ಬೆಯ ಕಟ್ಟು ಹಾಕಿಸಿಕೊಂಡು ಗೋವಿಂದಯ್ಯ ಮಗ್ಗದ ಪಕ್ಕದ ಚಾಪೆಯ ಮೇಲೆ ಮಲಗಿದ್ದ. ಊರುಗೋಲನ್ನು ಮಕ್ಕಳು ಕುದುರೆ ಮಾಡಿಕೊಂಡು ಬೀದಿಗೆ ಓಡಿಸಿದ್ದರು. ತಲೆಯ ಮೇಲೆ, ಗೋಡೆಯ ಎರಡು ಗೂಟಗಳಲ್ಲಿ, ಹಿರೀಕರ ಕೋಲು ಮಲಗಿತ್ತು. ಗೋಡೆ ಹಿಡಿದು ಒಂಟಿ ಕಾಲಲ್ಲಿ ಎದ್ದ. ಕೋಲನ್ನು ತೆಗೆದ. ಮೈಯ ಭಾರ ಬಿಟ್ಟ. ಲಟಕ್ ಎಂದಿತು.

ರುದ್ರಾಣಿ ಒದ್ದೆ ಲಡಿಗಳ ಬಾಂಡಲಿ ಹೊತ್ತು ಒಳಗೆ ಬಂದಾಗ ಗಂಡ ಗೋಡೆಗೆ ಅಂಟಿಕೊಂಡು ನಿಂತಿದ್ದ. ಕೋಲು ನೆಲದ ಮೇಲಿತ್ತು. ಬುಡದಿಂದ ಒಂದೂವರೆ ಗೇಣು ಮೇಲೆ ಬಾಯಿ ಬಿಟ್ಟುಕೊಂಡು, ಮೊಣಕೈಯಂತೆ ಮಡಚಿಕೊಂಡಿತ್ತು.

"ಲೇ, ಮೊದ್ಲು ಬಾಗ್ಲು ಆಕು" ಅಂದ ಗೋವಿಂದಯ್ಯ. "ಆಮೇಲೆ ನನ್ನ ಇತ್ಲಿಗೆ ಕರ್ಕಂಡೋಗು. ಆಮೇಲೆ ಬಯ್ಯಿವಂತೆ."

ಅವಳು ಬಯ್ಯಲಿಲ್ಲ. ಬಯ್ಯುವಂಥ ಸಣ್ಣ ವಿಷಯವಾಗಿರಲಿಲ್ಲ ಅದು.

ಕೊಳ್ಳೇಗಾಲದ ಆ ನೇಕಾರರ ಬೀದಿಯಲ್ಲಿ ಪ್ರತಿ ಮನೆಯಲ್ಲೂ ಮಗ್ಗವಿತ್ತು. ಇಂಥ ಕೋಲು ಇದ್ದದ್ದು ಇವರೊಬ್ಬರ ಮನೆಯಲ್ಲಿ. ಗಂಡಸಿನ ಭುಜದೆತ್ತರ, ಬುಡದಲ್ಲಿ ಮುಷ್ಟಿ ತುಂಬುವಷ್ಟು ದಪ್ಪ, ತುದಿಗೆ ಹೋಗುತ್ತ ಹೆಬ್ಬೆರಳಿನಷ್ಟು ಸಣ್ಣ. ವಿಭೂತಿ, ಕುಂಕುಮ, ಎಣ್ಣೆ ಕುಡಿದು ಕುಡಿದು ಅದರ ನಿಜವಾದ ಬಣ್ಣ ಯಾವುದೆಂದು ಯಾರಿಗೂ ತಿಳಿಯದು. ಮನೆತನದ ಮೊದಲ ನೇಕಾರ, ಗೋವಿಂದಯ್ಯನ ತಾತ, ಮಗ್ಗದ ಉದ್ದೆಳೆಗಳ ಹಾಸು ಹೂಡಿದ್ದು ಈ ಕೋಲಿನಿಂದ ಎನ್ನುವುದು ಪ್ರತೀತಿ. ಬುಡದ ಒಂದು ಮಗ್ಗುಲು ಚಪ್ಪಟೆಯಾಗಿ, ನಡುವೆ ಸ್ವಲ್ಪ ತಗ್ಗಾಗಿತ್ತು. ಅದು ತಾತನ ಹೆಬ್ಬೆರಳು ಒತ್ತಿ ಒತ್ತಿ ಸವೆದ ಜಾಗ. ಮಗ್ಗಕ್ಕೆ ಹೊಸ ಹಾಸು ಏರಿದಾಗ, ಅಥವಾ ಹೊಸ ಕೈ ಬಂದಾಗ, ಮನೆಯ ಹಿರಿಯ ಗಂಡಸು ಆ ತಗ್ಗಿನಲ್ಲೇ ಹೆಬ್ಬೆರಳಿಟ್ಟು ಕೋಲು ಹಿಡಿದು ಹಾಸಿನ ಎಳೆಗಳಿಗೆ ಮುಟ್ಟಿಸಬೇಕು. ಆಮೇಲೆ ನೇಯುವವನು ಕೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮಗ್ಗದ ಕೆಳಗಿನ ಗುಂಡಿಗೆ ಕಾಲಿಳಿಸಬೇಕು. ಹೆಂಗಸರು ಕೋಲು ಮುಟ್ಟುವ ಹಾಗಿಲ್ಲ.

ಈಗ ಹಿರಿಯ ಗಂಡಸು ಸುಬ್ಬಯ್ಯ, ಗೋವಿಂದಯ್ಯನ ಚಿಕ್ಕಪ್ಪ. ಒಂದೇ ಗೋಡೆಯ ಆಚೆ ಅವನ ಮನೆ, ಅವನ ಎರಡು ಮಗ್ಗ. ಕೋಲು ಇರುವುದು ಇಲ್ಲಿ, ಅಧಿಕಾರ ಅಲ್ಲಿ.

ಗೋವಿಂದಯ್ಯನ ಕಾಲು ಮುರಿದ ವಾರದಲ್ಲೇ ರುದ್ರಾಣಿ ಸುಬ್ಬಯ್ಯನ ಮುಂದೆ ನಿಂತು ಕೇಳಿದ್ದಳು. ಮಗ್ಗದ ಮೇಲೆ ಅರ್ಧ ನೇಯ್ದ ಅರಗಿನ ಕೆಂಪು ಬಣ್ಣದ ಸೀರೆ ಇತ್ತು, ಹಸಿರು ಅಂಚಿನದು. ಅವಳಿಗೆ ನೇಯಲು ಬರುತ್ತಿತ್ತು. ಹನೂರಿನಲ್ಲಿ ಅವಳ ಅಪ್ಪನಿಗೆ ಗಂಡು ಮಕ್ಕಳಿರಲಿಲ್ಲ. ಅವಳನ್ನೇ ಗುಂಡಿಗಿಳಿಸಿ ಕಲಿಸಿದ್ದ. ಮದುವೆಯಾಗಿ ಬಂದ ಮೇಲೆ ಆ ಕೈಗೆ ರಾಟೆ ಸಿಕ್ಕಿತು, ಒಲೆ ಸಿಕ್ಕಿತು, ಲಡಿ ಬೇಯಿಸುವ ಹಂಡೆ ಸಿಕ್ಕಿತು, ಮಗ್ಗ ಸಿಗಲಿಲ್ಲ.

"ನಾನೇ ಕುಂತ್ಕತೀನಿ ಮಾವ. ಇವರ ಕಾಲು ಕೂಡೋಗಂಟ."

ಸುಬ್ಬಯ್ಯ ಸಿಟ್ಟಾಗಲಿಲ್ಲ. ಸಿಟ್ಟಾಗುವ ಮನುಷ್ಯನಲ್ಲ ಅವನು. ಎಲೆಅಡಿಕೆ ಒಂದು ದವಡೆಗೆ ಸರಿಸಿಕೊಂಡು ನಿಧಾನವಾಗಿ ಹೇಳಿದ: "ಕೋಲು ಮುಟ್ಟದ ಕೈ ಮಗ್ಗ ಮುಟ್ಬಾರ್ದು. ಎಣ್ಣಿನ ಕೈ ಕೋಲು ಮುಟ್ಬಾರ್ದು. ನಾನು ಮಾಡಿದ್ದಲ್ಲ ಕಣವ್ವ, ಇರೀಕ್ರು ಮಾಡಿದ್ದು. ನೀನೇನೂ ಯೋಚ್ನೆ ಮಾಡ್ಬೇಡ. ಮಾಲಯ ಅಮಾಸೆ ಕಳೆದ ಪಾಡ್ಯಕ್ಕೆ ನನ್ನ ಚಿಕ್ಕಮಗನ್ನ ಕೂರಿಸ್ತೀನಿ. ಮಗ್ಗ ಸುಮ್ನೆ ಇರ್ಬಾರ್ದು."

ಯೋಚನೆ ಶುರುವಾದದ್ದೇ ಆಗ. ಬೀದಿಯ ಮೂಲೆಮನೆಯ ಅನಸೂಯಮ್ಮನ ಗಂಡ ತೀರಿಕೊಂಡಾಗ ಮೈದುನ ಹೀಗೇ, ಮಗ್ಗ ಸುಮ್ಮನೆ ಇರಬಾರದೆಂದು, ಬಂದು ಕೂತಿದ್ದ. ಮಗ್ಗಕ್ಕೆ ಬಂದ ಕೈ ತಾನಾಗಿ ಎದ್ದು ಹೋಗುವುದಿಲ್ಲ. ಈಗ ಅನಸೂಯಮ್ಮ ಅದೇ ಮೈದುನನ ಜಗುಲಿಯಲ್ಲಿ ಕೂತು ಅವನ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುತ್ತಾಳೆ, ಅವನ ಹೆಂಡತಿ ಹಾಕಿದಷ್ಟು ಉಣ್ಣುತ್ತಾಳೆ. ಮಗ್ಗ ಹೋದರೆ ತನ್ನ ಮನೆಯೂ ಅಷ್ಟೇ ಎಂದು ರುದ್ರಾಣಿಗೆ ಗೊತ್ತಿತ್ತು. ಕುಂಟುವ ಗಂಡ, ಎರಡು ಮಕ್ಕಳು, ಅತ್ತೆ, ತಾನು, ಎಲ್ಲರೂ ಗೋಡೆಯಾಚೆಯ ಮನೆಗೆ ನೂಲು ಸುತ್ತುವ ಆಳುಗಳು.

ಈಗ ಆ ಪಾಡ್ಯಕ್ಕೆ ಮೂರು ದಿನ ಇರುವಾಗ ಕೋಲು ಮುರಿದಿತ್ತು.

ಹಿತ್ತಲಿನಿಂದ ಬಂದು ಕೂತ ಮೇಲೆ ಗೋವಿಂದಯ್ಯ ಹಣೆ ಒರೆಸಿಕೊಂಡ. "ಚಿಕ್ಕಪ್ಪಂಗೆ ಗೊತ್ತಾದ್ರೆ ಮಗ್ಗ ಅಲ್ಲ, ಮನೆಯಿಂದ್ಲೇ ಏಳಿಸ್ತಾನೆ. ಸರಿ ಮಾಡಿಸ್ಬೇಕು. ಈ ಊರಲ್ಲಿ ಬ್ಯಾಡ, ಸುದ್ದಿ ಆಯ್ತದೆ. ನಿಮ್ಮ ಅನೂರಲ್ಲಿ ಯಾವನೋ ಲೇತು ಇಟ್ಕಂಡವ್ನೆ ಅಂತಿದ್ಯಲ್ಲ, ಅಲ್ಲಿಗೆ ನೀನೇ ತಕಂಡೋಗು."

"ನಾನು ಮುಟ್ಬಾರ್ದಲ್ಲ?"

ಗೋವಿಂದಯ್ಯ ಕೋಲನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಬಟ್ಟೆ ಸುತ್ಕಂಡು ತಕಂಡೋಗು."

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಚಾಮುಂಡಮ್ಮ ಸೋಡದ ಪೊಟ್ಟಣದೊಂದಿಗೆ ಒಳಗೆ ಬಂದಳು. ಕಣ್ಣಿಗೆ ಪೊರೆ ಬಂದಿದ್ದರೂ ನೆಲದ ಮೇಲಿದ್ದುದು ಕಾಣಿಸಿತು. ಬಾಗಿ ನೋಡಿದಳು. ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದು ಇಬ್ಬರೂ ಕಾದರು.

"ಆವೂ ಸಾಯ್ನಿಲ್ಲ, ಕೋಲು ಮಾತ್ರ ಮುರೀತು" ಅಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಹಂಡೆಯ ಕಡೆ ಹೋದಳು. ಅದು ರುದ್ರಾಣಿಗೆ ಸೋಜಿಗವೆನಿಸಿತು.

ಮಾರನೆಯ ದಿನ ಕೊಳ್ಳೇಗಾಲದ ಬಸ್ ಸ್ಟ್ಯಾಂಡು ಮಾದಪ್ಪನ ಬೆಟ್ಟಕ್ಕೆ ಹೋಗುವವರಿಂದ ಕಿಕ್ಕಿರಿದಿತ್ತು. ಮಹಾಲಯದ ಅಮಾವಾಸ್ಯೆಗೆ ಬಸ್ಸಿನ ತಲೆ ಮೇಲೂ ಜನ ಕೂರುತ್ತಾರೆ. ತವರಿನಲ್ಲಿ ತಾಯಿಗೆ ಮೈ ಸರಿಯಿಲ್ಲವೆಂದು ಬೀದಿಗೆಲ್ಲ ಕೇಳುವಂತೆ ಹೇಳಿ ರುದ್ರಾಣಿ ಹೊರಟಿದ್ದಳು. ಹಳೆಯ ಕೆಂಪು ಪಂಚೆಯಲ್ಲಿ ಸುತ್ತಿದ ಕೋಲನ್ನು, ಮುರಿದ ಜಾಗಕ್ಕೆ ಎರಡು ದಬ್ಬೆ ಕಟ್ಟಿ, ಮಗುವಿನಂತೆ ಹೆಗಲಿಗೆ ಒರಗಿಸಿಕೊಂಡು ನಿಂತಳು. ಗಂಡನ ಕಾಲಿಗೂ ಕೋಲಿಗೂ ಒಂದೇ ಚಿಕಿತ್ಸೆ.

ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಪಂಚೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಮಾದಪ್ಪನ ಬೆತ್ತವಾ ಮಗ?"

ರುದ್ರಾಣಿ ಇಲ್ಲ ಅನ್ನುವಷ್ಟರಲ್ಲಿ ಕಂಡಕ್ಟರ್ ಕೂಗಿದ: "ಸ್ವಾಮಿ ಬೆತ್ತ ಅದೆ, ಜಾಗ ಬುಡ್ರಯ್ಯ! ಅಮ್ಮ, ನೀವು ಮುಂದಕ್ಕೆ ಬನ್ನಿ."

ಜಾಗ ಸಿಕ್ಕಿತು, ಅದೂ ಕಿಟಕಿಯ ಪಕ್ಕ. ದಾರಿಯುದ್ದಕ್ಕೂ ಹಿಂದಿನಿಂದ, ಮುಂದಿನಿಂದ ಕೈಗಳು ಚಾಚಿ ಕೆಂಪು ಪಂಚೆಯನ್ನು ಮುಟ್ಟಿದವು. ಅವುಗಳಲ್ಲಿ ಬಳೆ ತೊಟ್ಟ ಕೈಗಳೇ ಹೆಚ್ಚು. ಮನೆಯಲ್ಲಿ ಒಬ್ಬ ಹೆಂಗಸೂ ಮುಟ್ಟದ ಕೋಲನ್ನು ಹನೂರು ಬರುವಷ್ಟರಲ್ಲಿ ಅರ್ಧ ತಾಲ್ಲೂಕಿನ ಹೆಂಗಸರು ಮುಟ್ಟಿದ್ದರು. ಮೊದಮೊದಲು ರುದ್ರಾಣಿ ಪಂಚೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಆಮೇಲೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ಅದೂ ಭಕ್ತಿಯೆಂದೇ ಜನ ತಿಳಿದರು.

ಹನೂರಿನ ಸಂತೆಮಾಳದ ಹಿಂದೆ ಮಂಟೇಸ್ವಾಮಿಯ ಮರಗೆಲಸದ ಕೊಟ್ಟಿಗೆ. ಕಾಲಲ್ಲಿ ತುಳಿಯುವ ಲೇತಿನಲ್ಲಿ ಅವನು ತೊಟ್ಟಿಲ ಗುಂಡು, ಮಂಚದ ಕಾಲು, ಲಟ್ಟಣಿಗೆ ಕಡೆಯುತ್ತಿದ್ದ. ಹರೆಯದಲ್ಲಿ ನೀಲಗಿರಿಗೆ ಹೋಗಿ ಟೀ ತೋಟದ ದೊರೆಗಳ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದವನು. ದೊರೆಗಳು ಹೋದ ಮೇಲೆ ಅರ್ಧ ತಮಿಳು ಕಲಿತು ಊರಿಗೆ ಮರಳಿದ್ದ. ರುದ್ರಾಣಿಯ ಅಪ್ಪನ ಗೆಳೆಯ.

"ಏನ್ ತಾಯಿ, ಬೆಟ್ಟಕ್ಕೋಗೋಳು ದಾರಿ ತಪ್ಪಿ ಬಂದ್ಯಾ?"

ಪಂಚೆ ಬಿಚ್ಚಿ ದಬ್ಬೆ ತೆಗೆದ. ಮುರಿದ ಜಾಗವನ್ನು ಅತ್ತಿತ್ತ ಬಾಗಿಸಿ ನೋಡಿದ. ತುದಿಯನ್ನು ನೋಡಿದ. ಬುಡವನ್ನು ಅಂಗೈಯಲ್ಲಿಟ್ಟು ತೂಕ ನೋಡಿದ. ಅವನ ಹುಬ್ಬು ಮೇಲೇರಿತು.

"ಇದು ನಿಮ್ಮನೇಲಿ ಎಂಗ್ ಬಂತು?"

"ಗಂಡನ ತಾತನ ಕೋಲು. ಹಾಸು ಹೂಡೋದು."

ಮಂಟೇಸ್ವಾಮಿ ಒಂದು ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ತುದಿಯನ್ನು ಉಜ್ಜತೊಡಗಿದ. ಕುಂಕುಮದ ಪದರ ಹೋಯಿತು, ವಿಭೂತಿ ಹೋಯಿತು, ಜಿಡ್ಡು ಹೋಯಿತು. ಹಿತ್ತಾಳೆಯ ಸಣ್ಣ ಬಳೆಯೊಂದು ಮಿನುಗಿತು. ಅದರ ಮೇಲೆ ಕಲ್ಲಿನಂತೆ ಗಟ್ಟಿಯಾದ ಚರ್ಮದ ಚೂರು.

"ತೊಗಲು!" ರುದ್ರಾಣಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಪ್ರತಿ ಅಮಾವಾಸ್ಯೆ ಕುಂಕುಮ ಇಟ್ಟದ್ದು ಅದಕ್ಕೆ.

"ತೊಗಲೇ ಕಣವ್ವ. ಈ ತುದೀಲಿ ದಂತದ ಗುಂಡ ಒಡೀತಾರೆ. ಹಸಿರು ಬಟ್ಟೆ ಆಸಿರೋ ದೊಡ್ಡ ಮೇಜು. ಅದರ ಮ್ಯಾಲೆ ಮೂರು ಗುಂಡು. ಬಿಲಿಯರ್ಡ್ಸು ಅಂತಾರೆ. ದೊರೆಗಳು ರಾತ್ರಿ ಊಟ ಆದ್ಮೇಲೆ ಆಡೋ ಆಟ. ಈ ಕೋಲಿಗೆ ಕ್ಯೂ ಅಂತಾರೆ."

"ಕ್ಯೂ ಅಂದ್ರೆ ರೇಷನ್ ಅಂಗಡೀಲಿ ನಿಂತ್ಕಳದಲ್ವಾ?"

"ಅದು ನಮ್ಮ ಕ್ಯೂ. ಇದು ಅವರ ಕ್ಯೂ."

ನಗುತ್ತಲೇ ಅವನು ಉಜ್ಜುತ್ತ ಕೆಳಗೆ ಬಂದ. ಕಪ್ಪು ಕೋಲು ಮೇಲರ್ಧದಲ್ಲಿ ಹಾಲುಗೆನೆಯ ಬಣ್ಣಕ್ಕೆ ತಿರುಗಿತು. ಅದರೊಳಗೆ ಬಾಣದ ಮೊನೆಗಳಂತೆ ಒಂದರ ಮೇಲೊಂದು ಎಳೆಗಳು. ಆ ಮರ ಈ ನಾಡಿನದಲ್ಲ, ಸೀಮೆಯದು ಎಂದ. ಕೆಳಗಿನ ದಪ್ಪ ಭಾಗಕ್ಕೆ ಬಂದಾಗ ಮತ್ತೆ ಹುಬ್ಬು ಗಂಟಿಕ್ಕಿದ. ಅಲ್ಲಿ ಕಪ್ಪು ಮರದ ನಾಲ್ಕು ಚೂಪಾದ ನಾಲಿಗೆಗಳು ಬಿಳಿ ಮರದೊಳಕ್ಕೆ ಹೊಕ್ಕಿದ್ದವು. ಬಿಟ್ಟುಕೊಂಡಿದ್ದದ್ದು ಆ ಬೆಸುಗೆಯೇ. ಮರ ಮುರಿದಿರಲಿಲ್ಲ.

"ಇದು ಸೀಮೆ ಕರಿಮರ ಅಲ್ಲ, ನಮ್ಮ ಬೀಟೆ. ಬಿಳಿಗಿರಿ ಕಡೇದು. ಒಂದು ಮೊನೆ ಗಿಡ್ಡ ನೋಡು, ಕಂಪನಿಯೋರು ಇಂಗೆ ಬುಡಕಿಲ್ಲ. ಬುಡ ಒಡೆದೋಗಿದ್ದ ಕೋಲಿಗೆ ಈ ಕಡೆ ಆಚಾರಿ ಯಾವನೋ ಬೇರೆ ಬುಡ ಕೂರ್ಸವ್ನೆ. ಒಳಗೆ ಸೀಸ ಉಯ್ದು ತೂಕಾನೂ ಸರಿ ಮಾಡವ್ನೆ. ಬುದ್ಧಿವಂತ. ಮೇಲಿಂದು ಯಾರು ಮಾಡಿದ್ರೋ ಗೊತ್ತಿಲ್ಲ, ಕೆಳಗಿಂದೂ ಗೊತ್ತಿಲ್ಲ."

"ಎಲ್ಲೂ ಹೆಸರಿಲ್ವಾ?"

ಅವನು ಬುಡದ ಚಪ್ಪಟೆ ಮಗ್ಗುಲನ್ನು ಅವಳ ಕಡೆ ತಿರುಗಿಸಿದ. ತಾತನ ಹೆಬ್ಬೆರಳಿನ ತಗ್ಗನ್ನು ಉಗುರಿನಿಂದ ಕೆರೆದ. ಒಳಗಿನಿಂದ ಹಳೆಯ ಅಂಟಿನ ಹಳದಿ ಪುಡಿ ಉದುರಿತು. "ಇಲ್ಲೇ ಇರ್ತಿತ್ತು, ಮಾಡಿದೋರ ಹೆಸರಿನ ಬಿಲ್ಲೆ. ಹಳೇ ಬುಡದ್ದನ್ನೇ ಆ ಆಚಾರಿ ಇಲ್ಲಿ ಅಂಟ್ಸವ್ನೆ. ಬಿದ್ದೋಗದೆ."

ರುದ್ರಾಣಿ ಆ ಪುಡಿಯನ್ನು ಬೆರಳಿಗೆ ಹತ್ತಿಸಿ ನೋಡಿದಳು. ಸುಬ್ಬಯ್ಯನ ಹೆಬ್ಬೆರಳು ಎಷ್ಟು ಗೌರವದಿಂದ ಆ ತಗ್ಗಿನಲ್ಲಿ ಕೂರುತ್ತಿತ್ತೆಂದು ನೆನಪಾಯಿತು. ಈ ನಾಲ್ಕು ಗೋಡೆಯಾಚೆ ಯಾರಿಗೂ ಹೇಳಬೇಡಿ ಎಂದು ಕೇಳಿಕೊಳ್ಳಬೇಕೆಂದಿದ್ದಳು. ಮಾತು ಅಲ್ಲಿಗೇ ನಿಂತಿತು. ಮಂಟೇಸ್ವಾಮಿಯ ಚಿಂದಿ ಕೋಲಿನ ನಡುಭಾಗಕ್ಕೆ ಬಂದಿತ್ತು. ಅಲ್ಲಿ ಅಂಗೈಯಗಲದ ಜಾಗ ಸುತ್ತಲೂ ಸವೆದು ಸಣ್ಣಗೆ ನಡು ಮೂಡಿತ್ತು, ಮತ್ತು ಎಷ್ಟು ಉಜ್ಜಿದರೂ ಹೋಗದ ಕೆಂಪು ಮರದ ಎಳೆಯೊಳಗೆ ಇಳಿದಿತ್ತು.

"ಇದೇನು ಅಂತ ನಂಗೆ ತಿಳೀನಿಲ್ಲ" ಅಂದ ಮಂಟೇಸ್ವಾಮಿ. "ಆಟದಲ್ಲಿ ಇಲ್ಲಿ ಸವಿಯಕ್ಕಿಲ್ಲ."

ರುದ್ರಾಣಿ ಬೆರಳಿಟ್ಟಳು. ಬೆರಳಿಗೆ ಮೊದಲು ತಿಳಿಯಿತು, ಆಮೇಲೆ ಅವಳಿಗೆ. ಮನೆಯ ಹಿತ್ತಲಲ್ಲಿ ಅವಳ ಬಿದಿರು ಗಳಕ್ಕೂ ನಡುವೆ ಹೀಗೇ ಸೊಂಟ ಮೂಡಿತ್ತು. ಬಣ್ಣದ ಹಂಡೆಯಿಂದ ತೆಗೆದ ಲಡಿಯ ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯ ಕುಣಿಕೆಯೊಳಗೆ ಗಳ ತೂರಿಸಿ, ಗಾಣದ ಹಾಗೆ ತಿರುಗಿಸಿ ತಿರುಗಿಸಿ ನೀರು ಹಿಂಡಬೇಕು. ರೇಷ್ಮೆ ಮೆತ್ತಗೆಂದು ಸೀರೆ ಉಡುವವರು ತಿಳಿದಿರುತ್ತಾರೆ. ಒದ್ದೆ ರೇಷ್ಮೆ ಹಗ್ಗಕ್ಕಿಂತ ಗಟ್ಟಿ. ವರ್ಷಗಟ್ಟಲೆ ಹಿಂಡಿದರೆ ಮರವನ್ನೇ ಕೊರೆಯುತ್ತದೆ. ಈ ಕೆಂಪು ಅರಗಿನ ಬಣ್ಣ. ಇದು ಲಡಿ ಹಿಂಡಿದ ಕೋಲು. ಆ ಮನೆಯಲ್ಲಿ ಲಡಿ ಹಿಂಡಿದ ಗಂಡಸು ಹುಟ್ಟಿಯೇ ಇಲ್ಲ.

"ಮಾವ, ಇದನ್ನ ಸರಿ ಮಾಡ್ಕೊಡಿ" ಅಂದಳು. "ನಾನು ಊರಿಗೋಗಿ ಒಬ್ಬರನ್ನ ಒಂದು ಮಾತು ಕೇಳ್ಬೇಕು."

ಮಂಟೇಸ್ವಾಮಿ ಬಿಸಿನೀರಿನ ಬಟ್ಟೆ ಸುತ್ತಿ ಮರಕ್ಕೆ ಹಚ್ಚಿದ್ದ ಹಳೆಯ ವಜ್ರದ ಅಂಟನ್ನು ಮೆತ್ತಗೆ ಮಾಡಿ ನಾಲ್ಕೂ ನಾಲಿಗೆಗಳನ್ನು ಬಿಡಿಸಿದ. ಒಳಗೆ ಕೂತಿದ್ದ ಹೊಲಸನ್ನು ಚೂರಿಯ ತುದಿಯಿಂದ ಕೆರೆದ. ಹೊಸ ವಜ್ರವನ್ನು ಒಲೆಯ ಮೇಲೆ ಕರಗಿಸಿ ಹಚ್ಚಿ, ಒಂದಕ್ಕೊಂದು ಕೂಡಿಸಿ, ಹುರಿಹಗ್ಗ ಸುತ್ತಿ ಬಿಗಿದ. ಬಿಗಿ ಬಿಟ್ಟ ಮೇಲೆ ಭಾರ ತಡೆಯಬೇಕಾದರೆ ಮೇಲೊಂದು ಸುತ್ತು ದಾರ ಬೇಕು ಎಂದ. ರುದ್ರಾಣಿಯ ಸೊಂಟದ ಚೀಲದಲ್ಲಿ ರೇಷ್ಮೆ ಎಳೆ ಯಾವಾಗಲೂ ಇರುತ್ತಿತ್ತು. ಆ ರಾತ್ರಿ ತವರಿನಲ್ಲಿ ಉಳಿದು, ಬೆಳಿಗ್ಗೆ ಬಂದು, ಒಣಗಿದ ಬೆಸುಗೆಯ ಮೇಲೆ ತಾನೇ ದಾರ ಸುತ್ತಿದಳು. ಸುತ್ತಿಗೆ ಸುತ್ತು ತಾಗಿಕೊಂಡು, ಗಂಟು ಒಳಗೆ ಮುಳುಗಿ. ಮಂಟೇಸ್ವಾಮಿ ಅದರ ಮೇಲೆ ಅರಗು ಬಳಿದ.

"ಫಳಫಳ ಅಂತದೆ. ಈಗ ಚಿಕ್ಕಮಾವನ ಕಣ್ಣಿಗೆ ಬಿದ್ರೆ?" ಅಂದಳು ರುದ್ರಾಣಿ.

ಹಾಗಾಗಿ ಇಬ್ಬರೂ ಕೂತು ಎಣ್ಣೆಮಸಿ, ವಿಭೂತಿ, ಕುಂಕುಮ ಕಲಸಿ ಮತ್ತೆ ಅದಕ್ಕೆ ಬಳಿದರು. "ಹೊಸದು ಮಾಡೋದು ಸುಲ್ಬ ಕಣವ್ವ" ಮಂಟೇಸ್ವಾಮಿ ಗೊಣಗಿದ. "ಇರೀಕರ ಕೋಲು ಮಾಡೋದೇ ಕಷ್ಟ. ಇನ್ನೊಂಚೂರು ಎಣ್ಣೆ ತತ್ತಾ."

ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಅವಳು ಮನೆಗೆ ಬಂದಳು. ಅಮಾವಾಸ್ಯೆಯೆಂದರೆ ನೇಕಾರರ ಬೀದಿಯಲ್ಲಿ ಮಗ್ಗಗಳಿಗೆ ರಜೆ. ಗಂಡಸರು ಎಣ್ಣೆನೀರು ಹಾಕಿಕೊಂಡು ಜಗುಲಿಯಲ್ಲಿ ಚೌಕಾಬಾರ ಆಡುತ್ತಿದ್ದರು. ರಾಟೆಗೆ ರಜೆ ಇದೆಯೆಂದು ಯಾರೂ ಹೇಳಿರಲಿಲ್ಲ, ಒಲೆಗೆ ಎರಡು ಪಟ್ಟು ಕೆಲಸ. ಹಿರಿಯರ ಎಡೆಗೆ ಕಡುಬು, ವಡೆ, ಕುಂಬಳಕಾಯಿ ಪಲ್ಯ ಆಗಬೇಕು. ರುದ್ರಾಣಿ ಕೋಲನ್ನು ಗೂಟಕ್ಕೇರಿಸಿ ಸೆರಗು ಸಿಕ್ಕಿಸಿಕೊಂಡಳು. ಸಂಜೆ ಸುಬ್ಬಯ್ಯ ಬಂದು ಎಡೆಯ ಮುಂದೆ ಕೋಲನ್ನು ನಿಲ್ಲಿಸಿ, ಹೊಸ ವಿಭೂತಿ ಬಳಿದು, ತಗ್ಗಿನಲ್ಲಿ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದ. ಗೋವಿಂದಯ್ಯ ಎಡೆಯ ಮೇಲಿನ ಕಡುಬುಗಳನ್ನು ಎಣಿಸುತ್ತ ಕೂತ. ಸುಬ್ಬಯ್ಯನಿಗೆ ಏನೂ ಕಾಣಲಿಲ್ಲ.

"ನಾಳೆ ಬೆಳಿಗ್ಗೆ ಮಗನ್ನ ಕರ್ಕಂಡು ಬತ್ತೀನಿ" ಅಂದು ಉಂಡು ಹೋದ.

ಪಾತ್ರೆ ಬೆಳಗುವಾಗ ಅತ್ತೆ ಸೊಸೆ ಇಬ್ಬರೇ ಇದ್ದರು. ರುದ್ರಾಣಿ ಹನೂರಿನಲ್ಲಿ ಕಂಡದ್ದನ್ನೆಲ್ಲ ಹೇಳಿದಳು: ಮೇಜು, ಗುಂಡು, ತೊಗಲು, ಬಿಲ್ಲೆ ಬಿದ್ದ ಜಾಗ. ಚಾಮುಂಡಮ್ಮ ಬೂದಿಯಲ್ಲಿ ಬೋಗುಣಿ ತಿಕ್ಕುತ್ತಲೇ ಇದ್ದಳು.

"ನಡುವೆ ಲಡಿ ಸವೆಸಿದ ಗುರುತು ಅದೆ ಅತ್ತೆ. ಯಾರು ಇಂಡಿದ್ದು?"

ಬೋಗುಣಿ ತಿಕ್ಕುವ ಕೈ ನಿಂತಿತು.

"ಸ್ಯಾನೆ ವರ್ಸ ಆಯ್ತು" ಅಂದಳು ಚಾಮುಂಡಮ್ಮ. "ನಮ್ಮೂರು ಕೊಯಮತ್ತೂರಿಗೆ ಸೇರಿದ್ದ ಕಾಲ. ಇಲ್ಲಿ ಆಪೀಸರ್‌ಗಳ ಬಂಗ್ಲೇಲಿ ಆ ಮೇಜು ಇತ್ತಂತೆ. ಬುಡ ಸಡಿಲ ಆಯ್ತು ಅಂತ ಎಸೆದಿದ್ದನ್ನ ನಮ್ಮಾವ ತಂದು ನನ್ನ ಕೈಗೆ ಕೊಟ್ರು. ಬಿದಿರಿಗೆ ಸಿಬರು ಇರ್ತದೆ, ಲಡಿ ಸಿಕ್ಕಾಕತದೆ. ಇದು ನುಣುಪಾಗದೆ, ತಕೋ ಮಗ ಅಂದ್ರು. ಸಿಬರೇ ಇಲ್ಲ ಕಣೆ ಅದ್ರಲ್ಲಿ. ಎಂಥಾ ಕೋಲು! ಮದುವೆಯಾಗಿ ಬಂದ ವರ್ಸದಿಂದ ಅದ್ರಲ್ಲೇ ಇಂಡ್ದೆ."

"ಮತ್ತೆ?"

"ಮತ್ತೇನು. ನಿಮ್ಮಾವ ಸತ್ರು. ಗೋವಿಂದ ಎಳೇವ್ನು. ಯಾರ ಮಾತು ನಡೀಬೇಕು ಅಂತ ಬಂತು. ತಿಥಿ ದಿನ ಸುಬ್ಬಯ್ಯ ಇತ್ಲಿಗೆ ಬಂದ, ಗೂಟದ ಮ್ಯಾಲಿಂದ ಕೋಲು ತಕಂಡೋದ, ತೊಳೆದು ವಿಭೂತಿ ಬಳಿದ. ತಾತನ ಕೋಲು ಅಂದ. ತಾತನ ಕೈಯಿಂದ ಬಂದಿದ್ದು ತಾನೆ, ಸುಳ್ಳೇನಲ್ಲ. ಆವತ್ತಿಂದ ನಾನು ಮುಟ್ಟಂಗಿಲ್ಲ. ಮಾರ್ನೇ ದಿನ ಬಿದಿರಲ್ಲಿ ಇಂಡ್ದೆ, ಸಿಬರು ಸಿಕ್ಕಿ ಲಡಿ ಅರೀತು. ಅದಕ್ಕೂ ಬೈಸ್ಕಂಡೆ."

"ಇಷ್ಟು ವರ್ಸ ಯಾಕೆ ಯೋಳ್ನಿಲ್ಲ?"

"ಯಾರು ಕೇಳಿದ್ರು?" ಚಾಮುಂಡಮ್ಮ ಬೋಗುಣಿಗೆ ನೀರು ಹುಯ್ದಳು. ಅದನ್ನು ಬೋರಲು ಹಾಕಿ ಅಂದಳು: "ನಾಳೆ ಅರಗಿನ ಲಡಿ ಇಂಡದು ಅದೆ ಅಲ್ವಾ? ಬೆಳಿಗ್ಗೆ ಬೇಗ ಅಂಡೆಗೆ ಉರಿ ಆಕು."

ಪಾಡ್ಯದ ಬೆಳಿಗ್ಗೆ ಸುಬ್ಬಯ್ಯ ಮಡಿ ಪಂಚೆಯುಟ್ಟು, ಕಿರಿಯ ಮಗನನ್ನು ಹಿಂದೆ ಕರೆದುಕೊಂಡು ಬಂದಾಗ ಗೋಡೆಯ ಮೇಲಿನ ಗೂಟಗಳು ಖಾಲಿ ಇದ್ದವು. ಗೋವಿಂದಯ್ಯ ಚಾಪೆಯ ಮೇಲೆ ಕೂತು ಸೂರು ನೋಡುತ್ತಿದ್ದ.

"ಕೋಲೆಲ್ಲಿ?"

"ಇತ್ಲಲ್ಲದೆ ಚಿಕ್ಕಪ್ಪ."

ಹಿತ್ತಲಿನಲ್ಲಿ ಹಂಡೆ ಹೊಗೆಯಾಡುತ್ತಿತ್ತು. ಉರಿ ಹಾಕುತ್ತಿದ್ದ ರುದ್ರಾಣಿ ಅವನನ್ನು ಕಂಡೊಡನೆ ಎದ್ದು ಒಳಗೆ ಹೋದಳು. ಚಾಮುಂಡಮ್ಮ ಸೀರೆ ಮೇಲಕ್ಕೆ ಕಟ್ಟಿ, ಕಾಲು ಅಗಲಿಸಿ ನಿಂತು, ಗೂಟಕ್ಕೆ ಸಿಕ್ಕಿಸಿದ ಕೆಂಪು ಲಡಿಯನ್ನು ಹಿರೀಕರ ಕೋಲಿನಿಂದ ಹಿಂಡುತ್ತಿದ್ದಳು. ವಿಭೂತಿ ಕುಂಕುಮವೆಲ್ಲ ತೊಳೆದುಹೋಗಿ ಕೋಲು ಬಿಸಿಲಿಗೆ ಹೊಳೆಯುತ್ತಿತ್ತು. ತಿರುವಿದಂತೆಲ್ಲ ಲಡಿಯಿಂದ ಅರಗಿನ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಅತ್ತಿಗೆ! ಏನ್ ಮಾಡ್ತಿದ್ದೀರಿ?"

"ಕಾಣಾಕಿಲ್ವಾ? ಇಂಡ್ತೀನಿ."

"ಇರೀಕರ ಕೋಲು ಅದು!"

"ಊಂ. ನಾನೂ ಇರೀಕಳೇ ಕಣ್ಲಾ ಸುಬ್ಬ. ನಿನಗೆ ನೀರು ಉಯ್ದು ಜಡೆ ಬಾಚಿದೋಳು. ಈ ಕೋಲಿಗೆ ಜೋತು ಬಿದ್ದು ಉಯ್ಯಾಲೆ ಆಡ್ತಿದ್ದೋನು ಯಾರ್ಲಾ? ಲಡಿ ಕೆಡ್ತದೆ ಅಂತ ಇದೇ ಕೋಲಲ್ಲಿ ಕುಂಡಿಗೆ ಒಂದು ಕೊಟ್ಟಿದ್ನಲ್ಲ, ಮರ್ತ್ಯಾ?"

ಸುಬ್ಬಯ್ಯನ ಮಗ ನಗು ತಡೆಯಲಾರದೆ ಆಚೆ ತಿರುಗಿದ.

ಸುಬ್ಬಯ್ಯನ ಮುಖದಲ್ಲಿ ಸಿಟ್ಟು ಬರಬೇಕಾದ ಜಾಗದಲ್ಲಿ ಬೇರೆ ಏನೋ ಬಂತು. ಅವನು ಸುಳ್ಳುಗಾರನಲ್ಲ. ತಾತನ ಕೋಲು, ತಾತನ ಕೋಲು ಎಂದು ಹೇಳಿ ಹೇಳಿ ಮೊದಲು ಬೀದಿಯನ್ನು ನಂಬಿಸಿ, ಕೊನೆಗೆ ತಾನೇ ನಂಬಿಬಿಟ್ಟಿದ್ದ. ಈಗ ಬಿಳಿಯ ಕೋಲು, ಕೆಂಪು ನೀರು, ಸೀರೆ ಮೇಲೆ ಕಟ್ಟಿದ ಅತ್ತಿಗೆ, ಎಲ್ಲ ಎಲ್ಲೋ ನೋಡಿದ್ದೇ ಅನ್ನಿಸಿತು. ಮುಂದೆ ಬಂದು ಕೋಲನ್ನು ಹಿಡಿದ. ಕಿತ್ತುಕೊಳ್ಳಲೆಂದೋ, ನಿಜವೇ ಎಂದು ನೋಡಲೆಂದೋ, ಅವನಿಗೇ ತಿಳಿಯದು. ಚಾಮುಂಡಮ್ಮ ಬಿಡಲಿಲ್ಲ.

"ಇಡ್ಕಂಡಿದ್ದೀಯಲ್ಲ, ಒಂದು ಸುತ್ತು ತಿರುವು. ನಂಗೂ ವಯಸ್ಸಾಯ್ತು."

ಆಗ ಒಳಗಿನಿಂದ ಸದ್ದು ಬಂತು. ಲಾಳಿ ಓಡಿದ ಸದ್ದು, ಹಿಂದೆಯೇ ಹಲಗೆ ಬಡಿದ ಸದ್ದು. ಮತ್ತೊಂದು. ತಡವರಿಸಿ, ನಿಂತು, ಮತ್ತೆ ಮೂರು ನಾಲ್ಕು ಒಂದೇ ಸಮನೆ.

ಸುಬ್ಬಯ್ಯ ಒಳಗೆ ಹೋದ. ರುದ್ರಾಣಿ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದಳು. ಬೆನ್ನು ನೆಟ್ಟಗಿತ್ತು, ಹಾಗೆ ಕ್ಷಣವೂ ಬಿಡದೆ ನೆಟ್ಟಗಿಟ್ಟದ್ದು ಹೆದರಿಕೆಯಿಂದ. ಅವನ ನೆರಳು ಹಾಸಿನ ಮೇಲೆ ಬಿದ್ದಾಗಲೂ ತಲೆಯೆತ್ತಲಿಲ್ಲ. ಎತ್ತಿದರೆ ಏಳಬೇಕಾಗುತ್ತದೆ ಎಂದು ಗೊತ್ತಿತ್ತು. ಲಾಳಿಯನ್ನು ಎಡದಿಂದ ಬಲಕ್ಕೆ ಕಳಿಸಿದಳು, ಬಲದಿಂದ ಎಡಕ್ಕೆ. ಹೊಸ್ತಿಲಲ್ಲಿ ಒದ್ದೆ ಕೋಲು ಊರಿಕೊಂಡು ಚಾಮುಂಡಮ್ಮ ನಿಂತಿದ್ದಳು.

"ಕೋಲು ಮುಟ್ಟಿಸ್ನಿಲ್ಲ" ಅಂದ ಸುಬ್ಬಯ್ಯ. ದನಿಯಲ್ಲಿ ಜೋರಿರಲಿಲ್ಲ.

"ಬೆಳಿಗ್ಗೆಯೇ ಮುಟ್ಟಿಸ್ದೆ" ಅಂದಳು ಚಾಮುಂಡಮ್ಮ.

ಸುಬ್ಬಯ್ಯ ಬಾಗಿ ನೇಯ್ಗೆಯನ್ನು ನೋಡಿದ. ಗೋವಿಂದಯ್ಯನ ಕೈ ನಿಂತ ಜಾಗ, ಇವಳ ಕೈ ಹಿಡಿದ ಜಾಗ. ನಡುವಿನ ಗೆರೆಯನ್ನು ಹುಡುಕಿದ. ಐವತ್ತು ವರ್ಷ ಮಗ್ಗದ ಮುಂದೆ ಕೂತ ಕಣ್ಣು. ಅದು ಸಂಪ್ರದಾಯವನ್ನು ಮರೆತರೂ ಅಂಚನ್ನು ಮರೆಯುವುದಿಲ್ಲ.

"ಅಂಚು ಎಳೀಬ್ಯಾಡ" ಅಂದ. "ಸಡಿಲ ಬುಡು. ಸುಕ್ಕು ಬತ್ತದೆ."

"ಊಂ ಮಾವ."

ಅವನು ಇನ್ನೂ ನಾಲ್ಕು ಎಳೆ ನೋಡಿದ. ಆಮೇಲೆ ಮಗನಿಗೆ ನಡಿಯೋ ಅಂದು ಹೊರಟ. ಬಾಗಿಲಲ್ಲಿ ಪಂಚೆಗೆ ಕೈ ಒರೆಸಿಕೊಂಡ. ಮಡಿ ಪಂಚೆಯ ಮೇಲೆ ಐದೂ ಬೆರಳು ಕೆಂಪಗೆ ಮೂಡಿದವು. ಅರಗಿನ ಬಣ್ಣ ಸೋಪಿಗೆ ಹೋಗುವುದಿಲ್ಲ. ಅವನ ಹೆಂಡತಿ ಅದನ್ನು ತಿಂಗಳುಗಟ್ಟಲೆ ಒಗೆದಳೆಂದು ಆಮೇಲೆ ಗೊತ್ತಾಯಿತು. ಈ ಜಯದಲ್ಲಿ ಅವಳ ಪಾಲಿಗೆ ಬಂದದ್ದು ಅಷ್ಟೇ.

ರುದ್ರಾಣಿಗೆ ಮಗ್ಗ ಸಿಕ್ಕಿತು, ಆದರೆ ಒಲೆ ಅವಳನ್ನು ಬಿಡಲಿಲ್ಲ. ನೇಯುವ ಗಂಡಸಿಗೆ ಕೂತಲ್ಲಿಗೆ ನೀರು, ಕಾಫಿ, ಕಂಡಿಕೆ ಬರುತ್ತಿದ್ದವು. ನೇಯುವ ಹೆಂಗಸು ಗುಂಡಿಯಿಂದ ಎದ್ದು ಹೋಗಿ ಸಾರು ಕುದಿಸಿ ಬಂದು ಮತ್ತೆ ಎಳೆ ಹುಡುಕಬೇಕಿತ್ತು. ಎಂಟು ದಿನ ಹಾಗೆ ನಡೆಸಿ ಒಂಬತ್ತನೆಯ ದಿನ ಅವಳು ರಾಟೆಯನ್ನು ಎತ್ತಿ ತಂದು ಗಂಡನ ಮುಂದೆ ಇಟ್ಟಳು.

"ಇದು ಎಂಗಸ್ರ ಕೆಲಸ" ಅಂದ ಗೋವಿಂದಯ್ಯ.

"ಮುರಿದಿರೋದು ಕಾಲು. ಕೈ ಅಲ್ವಲ್ಲ."

ಅವನು ಸುತ್ತಿದ ಮೊದಲ ಕಂಡಿಕೆಗಳು ಹೊಟ್ಟೆ ಬಂದ ಎಮ್ಮೆಕರುಗಳಂತಿದ್ದವು. ಲಾಳಿಯೊಳಗೆ ಕೂರದೆ ಅರ್ಧಕ್ಕೆ ಹರಿದವು. ಚಾಮುಂಡಮ್ಮ ಪಕ್ಕದಲ್ಲಿ ಕೂತು ತಲೆಗೆ ಮೊಟಕಿ ಕಲಿಸಿದಳು. ದೀಪಾವಳಿಯ ಹೊತ್ತಿಗೆ ಕೈ ಹದಕ್ಕೆ ಬಂತು. ಬೀದಿಯ ಗಂಡಸರು ಬಂದರೆ ಮಾತ್ರ ರಾಟೆಯನ್ನು ಚಾಪೆಯ ಹಿಂದೆ ಸರಿಸುತ್ತಿದ್ದ.

ಅರಗಿನ ಸೀರೆ ಇಳಿಯುವ ದಿನ ರುದ್ರಾಣಿ ಕೊನೆಯ ಬೆರಳಗಲವನ್ನು ನೇಯುತ್ತ ಲಾಳಿ ಬದಲಿಸಿದಳು. ಉಡುವಾಗ ಸೊಂಟದೊಳಗೆ ಸಿಕ್ಕಿಸಿಕೊಳ್ಳುವ, ಸೆರಗಿಗೆ ಎದುರಿನ ತುದಿ ಅದು, ಯಾರ ಕಣ್ಣಿಗೂ ಬೀಳದ ಜಾಗ. ಅಲ್ಲಿ ಕೆಂಪಿನ ನಡುವೆ ಒಂದೇ ಒಂದು ಹಸಿರು ಎಳೆ ಓಡಿಸಿದಳು. ಸೀರೆ ಕೊಳ್ಳುವ ಸಾಹುಕಾರರು ಅದನ್ನು ಗೋವಿಂದಯ್ಯನ ಸೀರೆ ಎಂದೇ ಹೇಳಿ ಮಾರುತ್ತಾರೆಂದು ಅವಳಿಗೆ ಗೊತ್ತಿತ್ತು.

ಸೀರೆ ಮಡಿಸುವಾಗ ಚಾಮುಂಡಮ್ಮನ ಹೆಬ್ಬೆರಳು ಆ ಎಳೆಯ ಮೇಲೆ ನಿಂತಿತು. ಅವಳ ಕಣ್ಣಿಗಿಂತ ಬೆರಳು ಚುರುಕು.

"ಇದೇನೇ? ತಪ್ಪು ಬಿದ್ದದಾ?"

"ತಪ್ಪಲ್ಲ ಅತ್ತೆ. ನನ್ನ ಬಿಲ್ಲೆ."

ಚಾಮುಂಡಮ್ಮ ಮತ್ತೊಮ್ಮೆ ಸವರಿದಳು. ಒಲೆಯ ಮೇಲೆ ಅನ್ನ ಕುದಿಯುವ ಸದ್ದು ಕೇಳುತ್ತಿತ್ತು.

"ಮುಂದಿನ್ದಕ್ಕೆ ಎಲ್ಡು ಎಳೆ ಆಕು" ಅಂದಳು. "ಬಣ್ಣ ನಂದು."

ಚಾಪೆಯ ಮೇಲಿನಿಂದ ಗೋವಿಂದಯ್ಯ ಕತ್ತು ಉದ್ದ ಮಾಡಿದ. "ಕಂಡಿಕೆ ಸುತ್ತಿದ್ದು ನಾನಲ್ವಾ? ನಂದು?"

"ನಿಮ್ದು ಆಮೇಲೆ ನೋಡಾಣ" ಅಂದಳು ರುದ್ರಾಣಿ. "ಅನ್ನ ಉಕ್ತದೆ. ಮೊದ್ಲು ಎದ್ದೋಗಿ ಅದನ್ನ ಇಳಿಸಿ."

ಅವನು ಊರುಗೋಲಿಗಾಗಿ ತಡಕಿದ. ಅದು ಮತ್ತೆ ಮಕ್ಕಳ ಹತ್ತಿರ ಬೀದಿಯಲ್ಲಿತ್ತು. ಬಾಗಿಲ ಹಿಂದೆ ಲಡಿಯ ಕೋಲು ಒರಗಿತ್ತು. ಅದರತ್ತ ಕೈ ಚಾಚಿದವನು ತಾಯಿಯ ಮುಖ ನೋಡಿ ಹಿಂದಕ್ಕೆಳೆದುಕೊಂಡ. ಗೋಡೆ ಹಿಡಿದು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಅಡುಗೆಮನೆಗೆ ಹೋದ.